ಬಾಣಂತಿಯ ಎಣ್ಣೆ-ನೀರು: ತಿಕ್ಕುವ ಕೈಗೆ ತಿಳಿದಿರಬೇಕಾದ ಸಂಗತಿಗಳು

ನಮ್ಮ ವಾಚನಾಲಯಕ್ಕೆ ಬರುವ ಓದುಗರಲ್ಲಿ ಬಹುಮಂದಿ ಗಂಡಸರು. ಹೋಟೆಲುಗಳಲ್ಲಿ, ಕಾರಖಾನೆಗಳಲ್ಲಿ, ಕಚೇರಿಗಳಲ್ಲಿ ದಿನವೆಲ್ಲ ದುಡಿದು, ಸಂಜೆ ಒಂದು ಗಳಿಗೆ ಪತ್ರಿಕೆ ನೋಡಲು ಬರುವವರು. ಬಾಣಂತಿಯ ಮಾತೆತ್ತಿದರೆ "ಇದು ಹೆಂಗಸರ ವಿಷಯ, ನಮಗೇಕೆ?" ಎಂದು ಪುಟ ಮಗುಚುವವರೂ ಅವರಲ್ಲಿರಬಹುದು. ಅಂಥವರಲ್ಲಿ ನಮ್ಮ ಬಿನ್ನಹವಿಷ್ಟೆ: ಈ ಸಲ ಮಗುಚಬೇಡಿ. ಊರಿನಲ್ಲಿ ಈ ಕೆಲಸ ನೋಡಿಕೊಳ್ಳಲು ಅಜ್ಜಿ, ಅತ್ತೆ, ಅತ್ತಿಗೆ, ನೆರೆಮನೆಯ ದೊಡ್ಡಮ್ಮ, ಸೂಲಗಿತ್ತಿ ಎಂದು ಹತ್ತು ಕೈಗಳಿರುತ್ತಿದ್ದವು. ಮುಂಬಯಿಯ ಚಾಳಿನ ಖೋಲಿಯಲ್ಲಿ, ಹೈದರಾಬಾದು ದಿಲ್ಲಿಗಳ ಬಾಡಿಗೆ ಮನೆಯಲ್ಲಿ, ಆ ಹತ್ತು ಕೈಗಳ ಕೆಲಸ ಎಷ್ಟೋ ಸಲ ಒಬ್ಬ ಗಂಡನ ಪಾಲಿಗೂ, ಸಂಬಳಕ್ಕೆ ಗೊತ್ತುಮಾಡಿದ ಒಬ್ಬ ಮಾಲೀಸಿನಾಕೆಯ ಪಾಲಿಗೂ ಬರುತ್ತದೆ. ಆದುದರಿಂದ ತಿಳಿವಳಿಕೆಯೂ ಅವರಿಬ್ಬರ ಪಾಲಿಗೆ ಬರಲೇಬೇಕು.

ಬಾಣಂತಿಗೆ ಎಣ್ಣೆ ತಿಕ್ಕುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಓದಿದವರಲ್ಲಿ ಕೆಲವರು ಇದನ್ನು ಗೊಡ್ಡು ಆಚಾರವೆಂದು ತಳ್ಳಿಹಾಕುತ್ತಾರೆ. ನಲವತ್ತು ದಿನ ಮೈಗೆ ಎಣ್ಣೆ ಇಳಿಯದಿದ್ದರೆ ಸೊಂಟ ಜನ್ಮಕ್ಕೂ ನೆಟ್ಟಗಾಗದೆಂದು ಹಿರಿಯರು ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಎರಡು ಮಾತೂ ಪೂರ್ತಿ ಸರಿಯಲ್ಲ. ಹಿತವಾಗಿ ತಿಕ್ಕಿದ ಎಣ್ಣೆ ನೋವನ್ನು ಇಳಿಸುತ್ತದೆ, ಮೈ ಸಡಿಲಿಸಿ ನಿದ್ದೆಗೆ ಅನುಕೂಲ ಮಾಡುತ್ತದೆ. ಆದರೆ ಅದು ವೈದ್ಯರ ಕೆಲಸವನ್ನು ಮಾಡಲಾರದು. ಕೆಲವು ನೋವುಗಳನ್ನು ತಿಕ್ಕಬಹುದು. ಕೆಲವನ್ನು ತಿಕ್ಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವುದು ಯಾವುದೆಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಹಳೆಯ ವಿದ್ಯೆ, ಹೊಸ ವಿದ್ಯೆ

ಮೈಗೆ ಎಣ್ಣೆ ಹಚ್ಚಿ ತಿಕ್ಕುವುದಕ್ಕೆ ಆಯುರ್ವೇದದಲ್ಲಿ ಅಭ್ಯಂಗವೆಂದು ಹೆಸರು. ವಾಗ್ಭಟನ ಅಷ್ಟಾಂಗಹೃದಯವು ದಿನಚರ್ಯೆಯ ಅಧ್ಯಾಯದಲ್ಲಿ ಇದನ್ನು ನಿತ್ಯದ ಕೆಲಸಗಳೊಡನೆ ಸೇರಿಸಿ, ಆಯಾಸ ಕಳೆಯುವುದು, ಒಳ್ಳೆಯ ನಿದ್ದೆ ಬರಿಸುವುದು ಮುಂತಾದ ಗುಣಗಳನ್ನು ಎಣಿಸುತ್ತದೆ. ಅದರ ಬೆನ್ನಿಗೇ, ಕಫ ಹೆಚ್ಚಾದವರಿಗೂ, ಅಜೀರ್ಣವಾದವರಿಗೂ, ಆಗತಾನೆ ಶೋಧನ ಚಿಕಿತ್ಸೆ ಮಾಡಿಸಿಕೊಂಡವರಿಗೂ ಅಭ್ಯಂಗ ಕೂಡದೆಂದು ಹೇಳುತ್ತದೆ. ಅಂದರೆ, ಎಲ್ಲರಿಗೂ ಎಲ್ಲ ಕಾಲಕ್ಕೂ ಎಣ್ಣೆ ತಿಕ್ಕಬೇಕೆಂದು ನಮ್ಮ ಹಳೆಯ ಶಾಸ್ತ್ರವೂ ಹೇಳಿಲ್ಲ. ಇದನ್ನು ನಾವು ಮರೆಯಬಾರದು.

ಪಶ್ಚಿಮ ದೇಶಗಳಲ್ಲಿಯೂ ಈ ವಿದ್ಯೆಗೆ ಗೌರವದ ಸ್ಥಾನ ತಂದವರು ಹೆಂಗಸರೇ. 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ದಾದಿಯರು ಕೂಡಿ, ತರಬೇತಿ ಪಡೆದು ಅಂಗಮರ್ದನ ಮಾಡುವ ಮಹಿಳೆಯರ ಸಂಘವನ್ನು ಕಟ್ಟಿದರು. ಅದೇ ಮುಂದೆ ಬೆಳೆದು ಆ ದೇಶದ ಫಿಸಿಯೊಥೆರಪಿಯ ಸಂಸ್ಥೆಯಾಯಿತು. ಇಂದು ಆಸ್ಪತ್ರೆಯಲ್ಲಿ ಬಿಳಿಯ ಕೋಟು ತೊಟ್ಟು ಕೈಕಾಲು ಆಡಿಸಲು ಕಲಿಸುವ ಫಿಸಿಯೊಥೆರಪಿಸ್ಟರ ವಿದ್ಯೆಗೆ ಇದೂ ಒಂದು ಮೂಲ. ನಮ್ಮ ನಾಡಿನಲ್ಲಿ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಕೂಲಿ ಕೇಳದೆ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದರು. ಕೈಯ ಅನುಭವವನ್ನು ಯಾರೂ ಹಗುರಾಗಿ ಕಾಣಬೇಕಾಗಿಲ್ಲ. ಅದರ ಮಿತಿ ತಿಳಿದಿದ್ದರೆ ಸಾಕು.

ತಿಕ್ಕಿದರೆ ಆಗುವುದೇನು?

ಮೊಣಕಾಲಿಗೆ ಏಟು ತಗುಲಿದರೆ ನಾವು ತಿಳಿಯದೆಯೇ ಅಲ್ಲಿ ಕೈಯಿಂದ ಉಜ್ಜಿಕೊಳ್ಳುತ್ತೇವೆ, ನೋವು ಸ್ವಲ್ಪ ಇಳಿಯುತ್ತದೆ. ಇದಕ್ಕೆ ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಒಂದು ವಿವರಣೆ ಕೊಟ್ಟರು. ನೋವಿನ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳಿಗೆ ಹೋಗಬೇಕು. ಅಲ್ಲಿ ಒಂದು ಬಾಗಿಲಿದೆಯೆಂದು ಭಾವಿಸಿರಿ. ಉಜ್ಜುವಿಕೆ, ಒತ್ತುವಿಕೆಗಳ ಸುದ್ದಿಯನ್ನು ಹೊತ್ತು ಬರುವ ದಪ್ಪ ನರಗಳು ಕೆಲಸಕ್ಕೆ ತೊಡಗಿದಾಗ ಆ ಬಾಗಿಲು ಅರೆ ಮುಚ್ಚಿಕೊಳ್ಳುತ್ತದೆ. ನೋವಿನ ಸುದ್ದಿ ಕಡಿಮೆಯಾಗಿ ದಾಟುತ್ತದೆ. ಮುಂದೆ ಈ ವಿವರಣೆಗೆ ಅನೇಕ ತಿದ್ದುಪಡಿಗಳಾಗಿದ್ದರೂ ಅದರ ತಿರುಳು ಉಳಿದುಕೊಂಡಿದೆ.

ಬಾಣಂತಿಯ ಮೈನೋವಿಗೆ ಕಾರಣಗಳು ಹಲವು. ಗರ್ಭಿಣಿಯಾಗಿದ್ದಾಗ ಸೊಂಟದ ಕೀಲುಗಳ ಕಟ್ಟು ಸಡಿಲಾಗಿರುತ್ತದೆ. ತಿಂಗಳುಗಟ್ಟಲೆ ಮುಂದಿನ ಭಾರ ಹೊತ್ತು ಬೆನ್ನು ಬಾಗಿರುತ್ತದೆ. ಹೆರಿಗೆಯ ಶ್ರಮ ಬೇರೆ. ಅದಾದ ಮೇಲೆ ಹಗಲಿರುಳು ತಲೆ ಬಗ್ಗಿಸಿ ಕೂಸಿಗೆ ಹಾಲೂಡಿಸುವುದರಿಂದ ಕುತ್ತಿಗೆ, ಹೆಗಲು, ಮೇಲುಬೆನ್ನು ಹಿಡಿದುಕೊಳ್ಳುತ್ತವೆ. ಈ ನೋವುಗಳಿಗೆ ಮೆತ್ತನೆಯ ತಿಕ್ಕುವಿಕೆ ನಿಜವಾಗಿಯೂ ಹಿತಕರ. ಮೇಲಾಗಿ, ಆ ಅರ್ಧ ಗಂಟೆ ಬಾಣಂತಿಯ ಕೈಯಿಂದ ಕೂಸನ್ನು ಬೇರೊಬ್ಬರು ಎತ್ತಿಕೊಳ್ಳುತ್ತಾರೆ. ಅವಳಿಗೆ ಯಾವ ಕೆಲಸವೂ ಇರುವುದಿಲ್ಲ. ಈ ಬಿಡುವೇ ಮದ್ದಿನ ಅರ್ಧ ಪಾಲು.

ಹೆರಿಗೆಯ ನೋವಿನ ಸಮಯದಲ್ಲಿಯೂ ಇದು ಉಪಯುಕ್ತ. ಪ್ರಸವಕಾಲದ ಆರೈಕೆಯನ್ನು ಕುರಿತು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಸಲಹೆಗಳಲ್ಲಿ, ಆರೋಗ್ಯವಂತ ಹೆಂಗಸು ನೋವಿಗೆ ಪರಿಹಾರ ಬಯಸಿದರೆ ಅವಳ ಇಷ್ಟದಂತೆ ಮೈ ತಿಕ್ಕುವುದನ್ನೂ ಬಿಸಿ ಕಾವು ಕೊಡುವುದನ್ನೂ ಸೇರಿಸಿದೆ. ಅವಳು ಬಯಸಿದವರೊಬ್ಬರು ಜೊತೆಗಿರಬೇಕೆಂದೂ ಹೇಳಿದೆ. ಆಸ್ಪತ್ರೆಯವರು ಒಳಗೆ ಬಿಟ್ಟರೆ, ಸೊಂಟದ ಮೇಲೆ ಅಂಗೈಯಿಂದ ಸಮವಾಗಿ ಒತ್ತಿ ನೀವುವ ಕೆಲಸವನ್ನು ಗಂಡನೂ ಮಾಡಬಹುದು.

ಎಣ್ಣೆಯಿಂದ ಆಗದ ಕೆಲಸ

ಹೊಟ್ಟೆ ನೀವಿ ಬಿಗಿಯಾಗಿ ಬಟ್ಟೆ ಸುತ್ತದಿದ್ದರೆ ಗರ್ಭಕೋಶ ಸ್ವಸ್ಥಾನಕ್ಕೆ ಬರುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸಂಗತಿ ಹಾಗಿಲ್ಲ. ಹೆರಿಗೆಯಾದ ಕೂಡಲೆ ಗರ್ಭಕೋಶದ ತೂಕ ಸುಮಾರು ಒಂದು ಕಿಲೋ. ಒಂದು ವಾರದಲ್ಲಿ ಅದು ಅರ್ಧ ಕಿಲೋಗೆ ಇಳಿಯುತ್ತದೆ. ಆರು ವಾರದ ಹೊತ್ತಿಗೆ ನೂರು ಗ್ರಾಮಿಗಿಂತ ಕಡಿಮೆಯಾಗಿ ಮೊದಲಿನ ಗಾತ್ರಕ್ಕೆ ಬರುತ್ತದೆ. ಇದು ತಾನಾಗಿಯೇ ನಡೆಯುವ ಕೆಲಸ. ಕೂಸು ಹಾಲು ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ರಸ ಒಸರಿ ಗರ್ಭಕೋಶವನ್ನು ಕುಗ್ಗಿಸುತ್ತದೆ. ಹಾಲೂಡಿಸುವಾಗ ಕೆಳಹೊಟ್ಟೆ ಹಿಂಡಿದಂತಾಗುವುದು ಇದರಿಂದಲೇ. ಹೆರಿಗೆಯಾದೊಡನೆ ಆಸ್ಪತ್ರೆಯ ದಾದಿ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ನೋಡುವುದುಂಟು. ಅದು ರಕ್ತಸ್ರಾವವನ್ನು ತಡೆಯಲು ತರಬೇತಾದವರು ಮಾಡುವ ಕೆಲಸ. ಅದನ್ನು ಕಂಡು ಮನೆಯಲ್ಲಿ ಹೊಟ್ಟೆಯನ್ನು ಜೋರಾಗಿ ಅದುಮಬಾರದು.

ಹಾಗೆಯೇ ಎಣ್ಣೆ ತಿಕ್ಕಿದರೆ ಹೊಟ್ಟೆಯ ಬೊಜ್ಜು ಕರಗುವುದಿಲ್ಲ. ಮೂಳೆಗೆ ಹೊಸ ಶಕ್ತಿಯೂ ಬರುವುದಿಲ್ಲ. ಎದೆಹಾಲು ಹೆಚ್ಚುವುದು ಕೂಸು ಮತ್ತೆ ಮತ್ತೆ ಚೀಪುವುದರಿಂದ. ಯಾವ ಎಣ್ಣೆ ಮೇಲೆಂಬ ವಾದಕ್ಕೂ ಹೆಚ್ಚು ಅರ್ಥವಿಲ್ಲ. ಕರಾವಳಿಯವರಿಗೆ ತೆಂಗಿನೆಣ್ಣೆ, ಬಯಲುಸೀಮೆಯವರಿಗೆ ಹರಳೆಣ್ಣೆ, ಮತ್ತೊಬ್ಬರಿಗೆ ಎಳ್ಳೆಣ್ಣೆ ರೂಢಿ. ಎಣ್ಣೆಯ ಮುಖ್ಯ ಕೆಲಸ ಕೈ ಜಾರುವಂತೆ ಮಾಡುವುದು. ಅಡುಗೆಮನೆಯ ಶುದ್ಧ ತೆಂಗಿನೆಣ್ಣೆ ಇದನ್ನು ಚೆನ್ನಾಗಿಯೇ ಮಾಡುತ್ತದೆ. ಬಾಣಂತಿಗೆಂದೇ ಮಾರುವ ದುಬಾರಿ ಸೀಸೆಗಳಿಗೆ ಸಂಬಳದ ಹಣ ಹಾಕುವ ಬದಲು ಆ ಹಣವನ್ನು ಹಾಲು, ಬೇಳೆ, ಸೊಪ್ಪು, ಮೊಟ್ಟೆಗಳಿಗೆ ಹಾಕುವುದು ಮೇಲು.

ತಿಕ್ಕಬಾರದ ನೋವುಗಳು

ನಮ್ಮ ದೇಶದಲ್ಲಿ 2004-06ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 254 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 97ಕ್ಕೆ ಇಳಿಯಿತು. ಇದು ಸಂತೋಷದ ಸಂಗತಿ. ಆದರೆ ಅಪಾಯವೆಲ್ಲ ಹೆರಿಗೆಯ ಮೇಜಿನ ಮೇಲೆಯೇ ಮುಗಿದುಹೋಗುತ್ತದೆಂದು ತಿಳಿಯಬಾರದು. ಮನೆಗೆ ಬಂದ ಮೇಲೆಯೂ ಆರು ವಾರ ಎಚ್ಚರದಿಂದಿರಬೇಕು. ಈ ಕೆಳಗಿನ ನೋವುಗಳನ್ನು ಓದುಗರು ನೆನಪಿನಲ್ಲಿಡಬೇಕು.

ಮೊದಲನೆಯದು ಕಾಲುನೋವು. ಗರ್ಭಿಣಿಯರಲ್ಲಿಯೂ ಬಾಣಂತಿಯರಲ್ಲಿಯೂ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲೆಂದು ಪ್ರಕೃತಿ ಮಾಡಿದ ಏರ್ಪಾಡು ಇದು. ಆದರೆ ಇದರಿಂದಲೇ ಕೆಲವರ ಮೀನಖಂಡದ ಅಥವಾ ತೊಡೆಯ ಒಳರಕ್ತನಾಳದಲ್ಲಿ ಹೆಪ್ಪು ನಿಲ್ಲುತ್ತದೆ. ಸದಾ ಮಲಗಿಯೇ ಇದ್ದರೆ ಈ ಸಂಭವ ಹೆಚ್ಚು. ಒಂದೇ ಕಾಲು ಊದಿ, ಬಿಸಿಯಾಗಿ, ಕೆಂಪೇರಿ, ಮುಟ್ಟಿದರೆ ನೋಯುತ್ತಿದ್ದರೆ ಆ ಕಾಲನ್ನು ತಿಕ್ಕಲೇಬಾರದು. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾಗಬಹುದು. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ ಒಂದು ಕ್ಷಣವೂ ತಡಮಾಡಬಾರದು.

ಎರಡನೆಯದು ತಲೆನೋವು. ರಕ್ತದೊತ್ತಡ ಹೆರಿಗೆಯ ನಂತರವೂ ಏರಬಹುದು. ಗರ್ಭಿಣಿಯಾಗಿದ್ದಾಗ ಸರಿಯಾಗಿದ್ದವರಲ್ಲಿಯೂ ಏರಬಹುದು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಯ ಕೆಳಗೆ ಬಲಗಡೆ ನೋವು, ಮುಖ-ಕೈ ಊದುವುದು ಇದರ ಗುರುತುಗಳು. ನೆತ್ತಿಗೆ ಎಣ್ಣೆ ಒತ್ತಿ ಮಲಗಿಸಿದರೆ ಅಮೂಲ್ಯ ಸಮಯ ಕಳೆದುಹೋಗಿ ಅಪಸ್ಮಾರದಂತೆ ಸೆಳೆತ ಬರಬಹುದು. ಮೊದಲು ರಕ್ತದೊತ್ತಡ ನೋಡಿಸಬೇಕು. 140/90 ಅಥವಾ ಅದಕ್ಕೂ ಹೆಚ್ಚಿದ್ದರೆ ವೈದ್ಯರಿಗೆ ತಿಳಿಸಲೇಬೇಕು.

ಮೂರನೆಯದು ಜ್ವರದೊಡನೆ ಬರುವ ಹೊಟ್ಟೆನೋವು. ಜ್ವರ 100.4 ಡಿಗ್ರಿ ಫಾರನ್‌ಹೀಟ್ ಅಥವಾ ಅದಕ್ಕೂ ಮೇಲಿದ್ದು, ಕೆಳಹೊಟ್ಟೆ ನೋಯುತ್ತ, ಸ್ರಾವಕ್ಕೆ ದುರ್ವಾಸನೆ ಬಂದಿದ್ದರೆ ಅದು ಒಳಗಿನ ನಂಜು. ಇದನ್ನು ಬಾಣಂತಿಯ ಶೀತವೆಂದು ಬಗೆದು ಬಿಸಿನೀರು ಹುಯ್ಯುವುದು ತಪ್ಪು. ನಾಲ್ಕನೆಯದು ರಕ್ತಸ್ರಾವ. ಒಂದು ಗಂಟೆಯೊಳಗೆ ಒಂದು ಪ್ಯಾಡು ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ದೊಡ್ಡ ಗಡ್ಡೆಗಳು ಬಿದ್ದರೆ, ತಲೆಸುತ್ತು ಬಂದರೆ, ಎಣ್ಣೆ-ನೀರೆಲ್ಲ ನಿಲ್ಲಿಸಿ ಆಸ್ಪತ್ರೆಗೆ ಹೊರಡಬೇಕು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣಗಳಲ್ಲಿ 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸು ಬರುತ್ತದೆ.

ಐದನೆಯದು ಎದೆಯ ಗಂಟು. ಹಾಲು ಕಟ್ಟಿಕೊಂಡು ಎದೆ ಕಲ್ಲಾದಾಗ ಬಲವಾಗಿ ತಿಕ್ಕಿ ಗಂಟು ಒಡೆಯಬೇಕೆಂದು ಹಿಂದೆ ಹೇಳುತ್ತಿದ್ದರು. ಈಗಿನ ವೈದ್ಯರ ಅಭಿಪ್ರಾಯ ಬದಲಾಗಿದೆ: ಬಲವಾದ ತಿಕ್ಕಿನಿಂದ ಒಳಗಿನ ಊತ ಹೆಚ್ಚಾಗುತ್ತದೆ. ಕೂಸಿಗೆ ಎಂದಿನಂತೆ ಹಾಲೂಡಿಸುತ್ತ, ತಣ್ಣೀರ ಬಟ್ಟೆಯಿಟ್ಟು, ಹೂವು ಸವರಿದಷ್ಟು ಹಗುರಾಗಿ ಮಾತ್ರ ಸವರಬಹುದು. ಕೆಂಪಾಗಿ ಜ್ವರ ಬಂದರೆ ಔಷಧ ಬೇಕು.

ಕೊನೆಯದು ಸುಸ್ತು. ಕೈಕಾಲು ಸೆಳೆತ, ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಬಿಳಿಚಿಕೊಳ್ಳುವುದು ಇವೆಲ್ಲ ರಕ್ತಹೀನತೆಯ ಚಿಹ್ನೆಗಳಾಗಿರಬಹುದು. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಇದಕ್ಕೆ ಎಷ್ಟು ಎಣ್ಣೆ ತಿಕ್ಕಿದರೂ ಸಾಲದು. ಹೆರಿಗೆಯ ಮುನ್ನ 180 ದಿನ, ಹೆರಿಗೆಯ ನಂತರ 180 ದಿನ ಕಬ್ಬಿಣದ ಗುಳಿಗೆ ತೆಗೆದುಕೊಳ್ಳಬೇಕೆಂಬುದು ಸರಕಾರದ ನಿಯಮ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಬಿಟ್ಟಿ ಸಿಗುತ್ತದೆ. ಕೂಸು ಹುಟ್ಟಿತೆಂದು ಗುಳಿಗೆ ನಿಲ್ಲಿಸುವವರೇ ಹೆಚ್ಚು. ನಿಲ್ಲಿಸದಂತೆ ನೋಡಿಕೊಳ್ಳುವುದು ಮನೆಯವರ ಕರ್ತವ್ಯ.

ಸಿಸೇರಿಯನ್ ಆದವರಿಗೆ

ನಮ್ಮ ಅಜ್ಜಿಯಂದಿರ ಎಣ್ಣೆ-ನೀರಿನ ಕ್ರಮ ಹುಟ್ಟಿದ್ದು ಸಹಜ ಹೆರಿಗೆಯ ಕಾಲದಲ್ಲಿ. ಈಗ ಕಾಲ ಬೇರೆಯಾಗಿದೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ ದೇಶದ ನೂರು ಹೆರಿಗೆಗಳಲ್ಲಿ 21ಕ್ಕೂ ಹೆಚ್ಚು, ಕರ್ನಾಟಕದಲ್ಲಿ 31ಕ್ಕೂ ಹೆಚ್ಚು, ತಮಿಳುನಾಡಿನಲ್ಲಿ ಸುಮಾರು 45, ತೆಲಂಗಾಣದಲ್ಲಿ 60 ಸಿಸೇರಿಯನ್ ಹೆರಿಗೆಗಳೆಂದು ಕಂಡುಬಂದಿತು. ಹೊಟ್ಟೆ ಕೊಯ್ದು ಹೊಲಿದವಳಿಗೆ ಹಳೆಯ ಕ್ರಮವನ್ನು ಹಾಗೆಯೇ ನಡೆಸುವಂತಿಲ್ಲ. ಹೊರಗಿನ ಚರ್ಮ ಬೇಗ ಕೂಡಿಕೊಂಡರೂ ಒಳಗಿನ ಪದರಗಳು ಬಲಗೊಳ್ಳಲು ಆರು ವಾರ ಅಥವಾ ಹೆಚ್ಚು ಕಾಲ ಬೇಕು. ಗಾಯಕ್ಕೆ ಎಣ್ಣೆ ತಾಗಿಸಬಾರದು, ಹೊಟ್ಟೆಯನ್ನು ಮುಟ್ಟಬಾರದು, ಬೋರಲು ಮಲಗಿಸಬಾರದು. ವೈದ್ಯರು ಒಪ್ಪಿದ ಮೇಲೆ ಕೈ, ಪಾದ, ಹೆಗಲು, ಕುತ್ತಿಗೆ, ತಲೆಗಳನ್ನು, ಅವಳು ಕುಳಿತಿರುವಾಗಲೋ ಪಕ್ಕಕ್ಕೆ ಒರಗಿರುವಾಗಲೋ ಹಗುರಾಗಿ ತಿಕ್ಕಬಹುದು. ಗಾಯದಿಂದ ಕೀವು ಒಸರಿದರೆ, ಅಂಚು ಕೆಂಪಾದರೆ ತಕ್ಷಣ ತೋರಿಸಬೇಕು.

ಬಿಸಿನೀರು ಮತ್ತು ಹೊಗೆ

ಎಣ್ಣೆಯ ಹಿಂದೆಯೇ ನೀರು ಬರುತ್ತದೆ. ಊರಿನ ಹಂಡೆಯ ನೀರಿನಂತೆ ಕುದಿಕುದಿಯಾಗಿ ಹುಯ್ದರೆ ಚರ್ಮ ಸುಡುವುದಲ್ಲದೆ, ರಕ್ತ ಕಡಿಮೆಯಿರುವ ಬಾಣಂತಿಗೆ ಕಣ್ಣು ಕತ್ತಲಿಟ್ಟು ಬಿದ್ದುಬಿಡುವ ಭಯವೂ ಇದೆ. ಮೊಣಕೈಗೆ ಹಿತವೆನಿಸುವ ಬಿಸಿ ಸಾಕು. ಎಣ್ಣೆ ಬಿದ್ದ ಮೋರಿಯ ನೆಲ ಜಾರುತ್ತದೆ. ಅವಳನ್ನು ಮಣೆಯ ಮೇಲೆ ಕೂರಿಸಿಯೇ ಸ್ನಾನ ಮಾಡಿಸಬೇಕು, ಒಬ್ಬಳನ್ನೇ ಬಿಡಬಾರದು.

ಇನ್ನು ಕೆಂಡದ ಮಾತು. ಸ್ನಾನವಾದ ಮೇಲೆ ಶಗಡಿಯಲ್ಲಿ ಇದ್ದಿಲಿಟ್ಟು ಕಾವು ಕೊಡುವ, ಸಾಂಬ್ರಾಣಿ ಹೊಗೆ ಹಾಕುವ ಪದ್ಧತಿಯಿದೆ. ಊರಿನ ಮನೆಯಲ್ಲಿ ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು. ನಗರದ ಹತ್ತಡಿ ಖೋಲಿಯಲ್ಲಿ ಗಾಳಿ ತಾಗೀತೆಂದು ಬಾಗಿಲು ಕಿಟಕಿ ಮುಚ್ಚಿ ಕೆಂಡವಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದ್ದ ತಾಯಿ-ಮಗು ಏಳದೆ ಹೋಗಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬಾರದು. ಕಾವು ಬೇಕಾದರೆ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕೊಡಬಹುದು.

ಮನಸ್ಸಿನ ಭಾರ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಮನಸ್ಸಿನ ಕಾಯಿಲೆ, ಮುಖ್ಯವಾಗಿ ಖಿನ್ನತೆ, ಬರುತ್ತದೆ. ನಮ್ಮಂಥ ದೇಶಗಳಲ್ಲಿ ಇನ್ನೂ ಹೆಚ್ಚು. ಹೆರಿಗೆಯಾದ ಮೊದಲ ವಾರ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಅದು ಎರಡು ವಾರ ದಾಟಿಯೂ ನಿಲ್ಲದೆ, ಕೂಸಿನ ಮೇಲೆ ಮನಸ್ಸಿಲ್ಲದೆ, ಊಟ-ನಿದ್ದೆ ಬೇಡವಾಗಿ, ಬದುಕೇ ಬೇಡವೆನ್ನತೊಡಗಿದರೆ ಅದು ಕಾಯಿಲೆ. ಸೊಕ್ಕಲ್ಲ, ಗ್ರಹಚಾರವೂ ಅಲ್ಲ. ನುಡಿ ಬಾರದ ಊರಿನಲ್ಲಿ, ತವರಿನಿಂದ ದೂರ, ನಾಲ್ಕು ಗೋಡೆಗಳ ನಡುವೆ ಕುಳಿತ ನಮ್ಮ ಹೆಣ್ಣುಮಕ್ಕಳು ಒಂಟಿತನದಿಂದ ಇನ್ನಷ್ಟು ನವೆಯುತ್ತಾರೆ. ಅಕ್ಕರೆಯ ಕೈ ಮೈ ಮೇಲಾಡಿದರೆ ಇಂಥವರಿಗೆ ಸಮಾಧಾನವಾಗುತ್ತದೆ. ತಿಕ್ಕುವಾಕೆಯೊಡನೆ ನಾಲ್ಕು ಮಾತೂ ಆಗುತ್ತದೆ. ಆದರೆ ಚಿಕಿತ್ಸೆ ಬೇರೆಯೇ ಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಣವಿಲ್ಲದೆ ಫೋನು ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು.

ತಿಕ್ಕುವ ರೀತಿ

ಸಹಜ ಹೆರಿಗೆಯಾಗಿ ಬೇರೆ ತೊಂದರೆಯಿಲ್ಲದಿದ್ದರೆ, ವೈದ್ಯರನ್ನು ಒಂದು ಮಾತು ಕೇಳಿ, ಅವಳಿಗೆ ಮನಸ್ಸಾದ ದಿನ ಶುರುಮಾಡಬಹುದು. ಮಾಲೀಸಿನಾಕೆಯ ಉಗುರು ಕತ್ತರಿಸಿರಬೇಕು, ಕೈ ಸಾಬೂನಿನಿಂದ ತೊಳೆದಿರಬೇಕು. ಕೆಮ್ಮು ಜ್ವರವಿದ್ದರೆ ಆ ದಿನ ಬರಬೇಡವೆನ್ನಬೇಕು, ಕೂಲಿ ಮಾತ್ರ ಹಿಡಿಯಬಾರದು. ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ಪಾದದಿಂದ ಮೇಲಕ್ಕೆ, ಬೆರಳಿನಿಂದ ಹೆಗಲಿನ ಕಡೆಗೆ, ಉದ್ದಕ್ಕೆ ನೀವುತ್ತ ಹೋಗಬೇಕು. ಬೆನ್ನೆಲುಬಿನ ಮೇಲೆ ಒತ್ತದೆ ಅದರ ಎರಡು ಪಕ್ಕಗಳಲ್ಲಿ ಒತ್ತಬೇಕು. ಅರ್ಧ ಗಂಟೆ ಸಾಕು. ಮೈ ತಿರುಚುವುದು, ಲಟಿಕೆ ಮುರಿಯುವುದು, ಗುದ್ದುವುದು ಬೇಡ.

ಎಲ್ಲಕ್ಕಿಂತ ಮುಖ್ಯವಾದುದು ಅವಳ ಒಪ್ಪಿಗೆ. "ನೋಯುತ್ತಿದೆ, ಸಾಕು" ಎಂದರೆ ಅಲ್ಲಿಗೆ ನಿಲ್ಲಿಸಬೇಕು. ನೋವು ತಡೆದುಕೊಂಡರೇ ಗುಣವೆಂಬ ಮಾತಿಗೆ ಆಧಾರವಿಲ್ಲ. "ಇವತ್ತು ಬೇಡ, ನಿದ್ದೆ ಮಾಡುತ್ತೇನೆ" ಎಂದರೆ ನಿದ್ದೆಯೇ ಆಗಲಿ. ಹಿರಿಯರು ಇದನ್ನು ಮುನಿಸೆಂದು ತಿಳಿಯಬಾರದು.

ಗಂಡಸರ ಪಾಲಿನ ಕೆಲಸ

ಮಾಲೀಸಿನಾಕೆಯನ್ನು ಗೊತ್ತುಮಾಡುವಾಗ ಬರೀ ಕೂಲಿಯ ಮಾತಾಡಿ ಮುಗಿಸಬೇಡಿ. ಹೊಟ್ಟೆ ಮುಟ್ಟಬಾರದು, ಊದಿದ ಕಾಲನ್ನು ತಿಕ್ಕಬಾರದು, ಕೆಂಡ ಇಡಬಾರದು ಎಂಬ ಮೂರು ಮಾತನ್ನು ಮೊದಲೇ ಹೇಳಿ. ಸೊಸೆ ಹೇಳಿದರೆ ಉದ್ಧಟತನವೆನಿಸುವ ಈ ಮಾತನ್ನು ಮಗ ತಾಯಿಗೆ ವಿನಯದಿಂದ ತಿಳಿಸಿದರೆ ಮನೆಯಲ್ಲಿ ಜಗಳವಾಗದು. ಆಶಾ ಕಾರ್ಯಕರ್ತೆಯರಿರುವ ಕಡೆ ಅವರು ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರಬೇಕು. ಸಂದೇಹಗಳನ್ನು ಆಗ ಕೇಳಬಹುದು.

ಮಾಲೀಸಿನಾಕೆಗೆ ಕೊಡಲು ಹಣವಿಲ್ಲದಿದ್ದರೂ ಚಿಂತೆಯಿಲ್ಲ. ಕೆಲಸದಿಂದ ಬಂದು ಕೈ ತೊಳೆದು, ಕೂಸನ್ನು ತೊಟ್ಟಿಲಿಗೆ ಹಾಕಿ, ಹತ್ತು ನಿಮಿಷ ಹೆಂಡತಿಯ ಹೆಗಲು, ಪಾದ ನೀವುವುದರಲ್ಲಿ ಗಂಡನಿಗೆ ಅವಮಾನವೇನೂ ಇಲ್ಲ. ಆದರೆ ಕೈಯಿಡುವ ಮುಂಚೆ "ಎಲ್ಲಿ ನೋವು? ಎಂದಿನಿಂದ? ಎರಡು ಕಾಲೂ ಒಂದೇ ಸಮ ಇವೆಯೇ? ಜ್ವರವಿದೆಯೇ?" ಎಂದು ಕೇಳಿ. ಸಂಶಯ ಬಂದರೆ ಎಣ್ಣೆಯ ಬಟ್ಟಲನ್ನು ಬದಿಗಿಟ್ಟು ಆಸ್ಪತ್ರೆಯ ಚೀಟಿಯನ್ನು ಕೈಗೆ ತೆಗೆದುಕೊಳ್ಳಿ. ಮೇಲೆ ಹೇಳಿದ ಅಪಾಯದ ಗುರುತುಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿಕೊಂಡರೆ ಇನ್ನೂ ಒಳ್ಳೆಯದು. ಓದು ಬಾರದವರಿಗೆ ಓದಿ ಹೇಳಿದರೆ ಈ ಬರಹ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.